ವೆಸ್ಟೆಡ್ ಇಂಟರೆಸ್ಟ್ ಅಂದ್ರೆ ಬೈಗುಳ ಅಲ್ಲ, ಸೈನ್ ಹಾಕೋ ಮುಂಚೆ ಇದನ್ನು ಓದಿ

ತಾತನ ವಿಲ್ ಪ್ರಕಾರ ದೊಡ್ಡಪ್ಪನ ಕಾಲದ ನಂತರ ಮನೆ ನಿಮಗೆ. ಲಾಯರ್ ಒಬ್ಬರು 'ನಿಮಗೆ ವೆಸ್ಟೆಡ್ ಇಂಟರೆಸ್ಟ್ ಇದೆ' ಅಂದರು. ಅದು ಪೇಪರಿನಲ್ಲಿ ಬರೋ ಪಟ್ಟಭದ್ರ ಹಿತಾಸಕ್ತಿ ಅಲ್ವಾ, ಸ್ವಾರ್ಥಿ ಅನ್ನಿಸಿಕೊಳ್ಳೋ ಬದಲು ದೊಡ್ಡಪ್ಪನ ಮಗ ಹೇಳಿದ ಕಡೆ ಸೈನ್ ಹಾಕಿಬಿಡಲಾ ಅಂತ ಕೇಳಿದ್ದೀರಿ. ಹಾಕಬೇಡಿ. ನಾನು ಹಾಕಿದ್ದೆ.

ನಮ್ಮದು ತಿಪಟೂರು ಕಡೆ. ಎರಡೂಕಾಲು ಎಕರೆ ತೆಂಗಿನ ತೋಟ, ತಾತ ತಾವೇ ದುಡಿದು ತಗೊಂಡಿದ್ದು. 1998ರಲ್ಲಿ ಅವರು ತೀರಿಕೊಂಡರು. ವಿಲ್‌ನಲ್ಲಿ ಇದ್ದಿದ್ದು ಇಷ್ಟೇ: 'ಗಂಡನನ್ನು ಕಳೆದುಕೊಂಡು ತವರಿಗೆ ಬಂದಿರೋ ನನ್ನ ತಂಗಿ ಬದುಕಿರೋವರೆಗೂ ತೋಟದ ಫಸಲು ತಿನ್ನಲಿ, ಅವಳ ನಂತರ ನನ್ನ ಇಬ್ಬರು ಗಂಡುಮಕ್ಕಳಿಗೆ ಸಮಪಾಲು.' ತಾತನ ಆ ತಂಗಿ, ನಮ್ಮ ಚಿಕ್ಕಜ್ಜಿ, ಗಟ್ಟಿ ಜೀವ. ನಮ್ಮಪ್ಪನೇ ಮೊದಲು ಹೋದರು, 2009ರಲ್ಲಿ.

ಮೂರು ತಿಂಗಳಿಗೆ ಚಿಕ್ಕಪ್ಪ ಮನೆಗೆ ಬಂದರು. "ಕೈಗೆ ತೋಟ ಬರೋ ಮುಂಚೆನೇ ಅಣ್ಣ ಹೋದ. ಅವನಿಗೇ ಬರದೇ ಇದ್ದಿದ್ದು ನಿಮಗೆ ಹೆಂಗೆ ಬರುತ್ತೆ ಮಗಾ? ಮುಂದೆ ತಕರಾರು ಬೇಡ, ಒಂದು ಸೈನ್ ಹಾಕಿಬಿಡಿ." ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ! ಅಮ್ಮ, ನಾನು, ತಂಗಿ ಮೂರೂ ಜನ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನು, ಹೆಬ್ಬೆಟ್ಟು, ಫೋಟೋ ಎಲ್ಲ ಕೊಟ್ಟು ಬಂದೆವು. ತಂಗಿಯ ಕಾಲೇಜು ಫೀಸಿಗೆ ಇರಲಿ ಅಂತ ಚಿಕ್ಕಪ್ಪ 40 ಸಾವಿರ ಕೊಟ್ಟರು.

ಕೇಳದೇ ಸೈನ್ ಹಾಕಿದೆ ಅಂದುಕೊಳ್ಳಬೇಡಿ. ಕೇಳಿದ್ದೆ. ಯಾರನ್ನು ಕೇಳಿದೆ ಅನ್ನೋದೇ ನನ್ನ ತಪ್ಪು. ಪತ್ರ ಬರೆಯೋರನ್ನು ಪಕ್ಕಕ್ಕೆ ಕರೆದು "ಸರ್, ನಿಜವಾಗಲೂ ನಮಗೆ ಏನೂ ಬರಲ್ವಾ?" ಅಂದೆ. "ಬರಲ್ಲ ಕಣಪ್ಪ, ಬಂದಿದ್ರೆ ನಾನೇ ಹೇಳ್ತಿರಲಿಲ್ವಾ" ಅಂದರು. ಅವರನ್ನು ಕರೆಸಿದ್ದು ಚಿಕ್ಕಪ್ಪ. ಫೀಸು ಕೊಟ್ಟಿದ್ದು ಚಿಕ್ಕಪ್ಪ. ಅವತ್ತಿನ ಊಟ ಕೊಡಿಸಿದ್ದೂ ಚಿಕ್ಕಪ್ಪ. ನಾವು ಎದ್ದು ಬಂದಿದ್ದರೆ ಅವರ ಅರ್ಧ ದಿನದ ದುಡಿಮೆ ಹೋಗ್ತಿತ್ತು. ಸಾಕ್ಷಿ ಹಾಕಿದವರು ಚಿಕ್ಕಪ್ಪನ ಭಾವಮೈದ. ಇನ್ನು ನಾನು? ಮುಂದಿನ ವಾರವೇ ಫೀಸು ಕಟ್ಟೋಕೆ ಕೊನೇ ದಿನ. ನಮಗೆ ಹಕ್ಕಿದೆ ಅಂತ ಆಗಿಬಿಟ್ಟರೆ ಆ 40 ಸಾವಿರ ಅವತ್ತು ಕೈಗೆ ಬರ್ತಿರಲಿಲ್ಲ. ಹಾಗಾಗಿ 'ಬರಲ್ಲ' ಅನ್ನೋ ಮಾತು ನನಗೂ ಬೇಕಿತ್ತು. ಇದನ್ನು ಒಪ್ಪಿಕೊಳ್ಳೋಕೆ ನನಗೆ ವರ್ಷಗಳೇ ಹಿಡಿದವು.

ಚಿಕ್ಕಪ್ಪ ಬೇಕಂತಲೇ ಸುಳ್ಳು ಹೇಳಿದರು ಅಂತ ನನಗೆ ಈಗಲೂ ಅನ್ನಿಸಲ್ಲ. ತಮಗೆ ಲಾಭವಾಗೋ ಮಾತನ್ನು ಅವರು ಮನಸಾರೆ ನಂಬಿದ್ದರು. ಅದಕ್ಕೇ ಅಷ್ಟು ಗಟ್ಟಿಯಾಗಿ ಹೇಳೋಕೆ ಆಯ್ತು. ಪೇಪರಿನವರು ಹೇಳೋ ಪಟ್ಟಭದ್ರ ಹಿತಾಸಕ್ತಿ ಬರೀ ದೊಡ್ಡ ಕುಳಗಳಲ್ಲಿ ಇರೋದಲ್ಲ, ಮನೆ ಜಗಲಿ ಮೇಲೂ ಕೂತಿರುತ್ತೆ.

ನಿಮ್ಮ ಲಾಯರ್ ಹೇಳಿದ್ದು ಬೇರೆ. ಕಾನೂನಿನಲ್ಲಿ ವೆಸ್ಟೆಡ್ ಅಂದ್ರೆ ಹಕ್ಕು ಆಗಲೇ ನಿಮ್ಮದಾಗಿದೆ, ಆಸ್ತಿ ಕೈಗೆ ಬರೋದು ಮಾತ್ರ ತಡ. 'ಮೊಮ್ಮಗ ಡಾಕ್ಟರ್ ಆದರೆ ಕೊಡಿ' ಅಂತ ಬರೆದಿದ್ದರೆ ಅದು ಅನುಮಾನದ ಮಾತು, ಅವನು ಆಗಬಹುದು, ಆಗದೇ ಇರಬಹುದು. 'ತಂಗಿಯ ನಂತರ' ಅನ್ನೋದರಲ್ಲಿ ಅನುಮಾನ ಎಲ್ಲಿದೆ? ಸಾವು ಯಾರಿಗೂ ತಪ್ಪಿದ್ದಲ್ಲ. ವಿಲ್‌ನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ಇಂಥ ಹಕ್ಕು ವಿಲ್ ಬರೆದವರು ತೀರಿಕೊಂಡ ದಿನವೇ ಬಂದುಬಿಡುತ್ತೆ. ಪಡೆಯಬೇಕಾದವರು ನಡುವೆ ಸತ್ತರೆ ಅದು ಅವರ ವಾರಸುದಾರರಿಗೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 119ನೇ ಸೆಕ್ಷನ್ ಹೇಳೋದು ಇದನ್ನೇ. ದಾನಪತ್ರದಂಥವಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 19ನೇ ಸೆಕ್ಷನ್ ಇದೆ. ಅಂದ್ರೆ ನಮ್ಮಪ್ಪನ ಅರ್ಧ ಭಾಗ 1998ರಲ್ಲೇ ಅವರದಾಗಿತ್ತು!

ಇದು ನನಗೆ ಗೊತ್ತಾಗಿದ್ದು 2016ರಲ್ಲಿ, ಬೇರೆ ಕೆಲಸಕ್ಕೆ ಲಾಯರ್ ಹತ್ತಿರ ಹಳೇ ಕಾಗದದ ಕಟ್ಟು ಒಯ್ದಾಗ. ಅವರು ವಿಲ್ ಓದಿ, ಬಿಡುಗಡೆ ಪತ್ರ ಓದಿ, "ಯಾಕ್ರೀ ಬಿಟ್ಟುಕೊಟ್ರಿ?" ಅಂದರು. ಪತ್ರ ರದ್ದು ಮಾಡಿಸೋಕೆ ವಿಷಯ ಗೊತ್ತಾದಾಗಿನಿಂದ ಮೂರು ವರ್ಷ ಟೈಮು. ನಾವೇ ಸೈನ್ ಹಾಕಿದ ಪತ್ರ, ಕಾನೂನು ಗೊತ್ತಿರಲಿಲ್ಲ ಅಂದರೆ ಕೋರ್ಟು ಕೇಳೋದು ಕಷ್ಟ ಅಂದರು. ಅಮ್ಮನೂ ಬೇಡ ಅಂದರು. ಅಲ್ಲಿಗೆ ಬಿಟ್ಟೆ.

ಸೈನ್ ಹಾಕಲಾ, ಕೋರ್ಟಿಗೆ ಹೋಗಲಾ ಅನ್ನೋ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಈಗ ಎರಡೂ ಬೇಡ. ದೊಡ್ಡಪ್ಪ ಇರೋವರೆಗೂ ಸುಮ್ನೆ ಇದ್ದರೆ ನಿಮ್ಮ ಹಕ್ಕು ಎಲ್ಲೂ ಓಡಿಹೋಗಲ್ಲ. ವಿಲ್‌ನ ಒಂದು ಪ್ರತಿ ತಗೊಂಡು, ನಿಮ್ಮ ಮನೆಯವರ ಪರಿಚಯವೇ ಇಲ್ಲದ ವಕೀಲರಿಗೆ ನಿಮ್ಮ ಜೇಬಿಂದಲೇ ಫೀಸು ಕೊಟ್ಟು ಓದಿಸಿ. ಪುಕ್ಕಟೆ ಸಲಹೆ ಬೇಡವೇ ಬೇಡ, ನನ್ನದೂ ಸೇರಿ. ಬಿಟ್ಟುಕೊಡೋದಿದ್ದರೆ ಆಮೇಲೆ ಬಿಟ್ಟುಕೊಡಿ, ಏನು ಕೊಡ್ತಿದ್ದೀರಿ ಅಂತ ತಿಳ್ಕೊಂಡು.

ಅಂದ ಹಾಗೆ, ನಿಮ್ಮ ವಿಲ್‌ನಲ್ಲಿ ಇರೋದು 'ದೊಡ್ಡಪ್ಪನ ನಂತರ' ಅಂತಲೋ ಅಥವಾ 'ದೊಡ್ಡಪ್ಪನ ನಂತರ ಇವನು ಬದುಕಿದ್ದಲ್ಲಿ' ಅಂತಲೋ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಹೆಸರು ತೆಗೆದು ಆ ಒಂದು ಸಾಲು ಇಲ್ಲಿ ಹಾಕಿ.