ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರ ರಕ್ತ ಟ್ಯೂಬಿನಲ್ಲಿ ಹೆಪ್ಪುಗಟ್ಟುವುದು ಹೇಗೆ?

ನಿಮ್ಮ ತಂದೆಯವರಿಗೆ ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ ಎಂದು ಬರೆದಿದ್ದೀರಿ. ಡೊಂಬಿವಲಿಯ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ ಲ್ಯಾಬಿನವರು ಸಂಜೆ ಫೋನ್ ಮಾಡಿ ‘ಸ್ಯಾಂಪಲ್ ಕ್ಲಾಟ್ ಹೋ ಗಯಾ, ಫಿರ್ ಸೆ ದೇನಾ ಪಡೇಗಾ’ (ಸ್ಯಾಂಪಲ್ ಹೆಪ್ಪುಗಟ್ಟಿದೆ, ಮತ್ತೆ ಕೊಡಬೇಕು) ಅಂದರಂತೆ. ತೆಳುವಾದ ರಕ್ತ ಹೆಪ್ಪುಗಟ್ಟುವುದು ಹೇಗೆ, ಇದು ದುಡ್ಡು ಮಾಡುವ ದಾರಿಯಾ ಅಂತ ನಿಮ್ಮ ಪ್ರಶ್ನೆ. ಅಪ್ಪ ರಾತ್ರಿಯಿಡೀ ನಿದ್ದೆ ಮಾಡಿಲ್ಲ ಅಂತಲೂ ಬರೆದಿದ್ದೀರಿ.

ಮೊದಲು ಅಪ್ಪನಿಗೆ ಹೇಳಿ: ಹೆಪ್ಪುಗಟ್ಟಿದ್ದು ಟ್ಯೂಬಿನಲ್ಲಿ, ಮೈಯೊಳಗಲ್ಲ. ನಾನೂ ಮುಂಬೈಯಲ್ಲಿ ಇದೇ ಕೆಲಸ ಮಾಡುವವನು. ಮಾಟುಂಗಾ, ಮುಲುಂಡ್, ಡೊಂಬಿವಲಿ ಕಡೆ ನಮ್ಮ ಭಾಷೆಯ ಹಿರಿಯರ ಮನೆಗಳಿಗೆ ಹೋಗುತ್ತೇನೆ. ಕವಾಟ ಹಾಕಿಸಿಕೊಂಡವರಿಗೆ ‘ಕ್ಲಾಟ್’ ಅಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಆಪರೇಷನ್ ಆದ ಮೇಲೆ ಡಾಕ್ಟರು ಹುಷಾರಾಗಿರಿ ಅಂದದ್ದೇ ಅದರ ಬಗ್ಗೆ ಅಲ್ವಾ? ಅಂಥವರಿಗೆ ಫೋನಿನಲ್ಲಿ ಅರ್ಧ ಮಾತು ಹೇಳಿ ಇಟ್ಟುಬಿಡುವುದು ಸರಿಯಲ್ಲ. ಆದರೆ ಆ ಸ್ಯಾಂಪಲ್ ಬೇಡ ಅಂದದ್ದು ಸರಿ. ಅದನ್ನೇ ಮೆಷಿನ್‌ಗೆ ಹಾಕಿ ಏನೋ ಒಂದು ನಂಬರ್ ಕಳಿಸಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

ಈ ಮಾತ್ರೆ, ಅದು ವಾರ್ಫರಿನ್ ಇರಲಿ ಅಸೆನೊಕೌಮರಾಲ್ ಇರಲಿ, ರಕ್ತಕ್ಕೆ ನೀರು ಬೆರೆಸುವುದಿಲ್ಲ. ರಕ್ತ ಹೆಪ್ಪುಗಟ್ಟಲು ಹತ್ತಾರು ಪ್ರೋಟೀನುಗಳು ಬೇಕು. ಮಲಗಿದ್ದವರನ್ನು ಒಬ್ಬೊಬ್ಬರಾಗಿ ಎಬ್ಬಿಸಿದ ಹಾಗೆ ಒಂದು ಇನ್ನೊಂದನ್ನು ಎಬ್ಬಿಸುತ್ತಾ ಹೋಗುತ್ತದೆ. ಕೊನೆಗೆ ಫೈಬ್ರಿನ್ ಎಂಬ ಎಳೆಗಳು ಬಲೆ ಕಟ್ಟುತ್ತವೆ. ಇವುಗಳಲ್ಲಿ 2, 7, 9 ಮತ್ತು 10ನೇ ನಂಬರಿನವನ್ನು ಸರಿಯಾಗಿ ತಯಾರಿಸಲು ಲಿವರ್‌ಗೆ ವಿಟಮಿನ್ ಕೆ ಬೇಕು. ಮಾತ್ರೆ ಅಲ್ಲಿ ಅಡ್ಡ ನಿಲ್ಲುತ್ತದೆ. ಕೆಲಸ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಪೂರ್ತಿ ನಿಂತರೆ ಅಪಾಯ. ಅದಕ್ಕೇ ಐಎನ್‌ಆರ್ ನೋಡುವುದು, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ನಂಬರ್. ಮಾತ್ರೆ ತಗೊಳ್ಳದವರಿಗೆ ಅದು 1ರ ಆಸುಪಾಸು ಇರುತ್ತದೆ. ಲೋಹದ ಕವಾಟ ಇರುವವರಿಗೆ, ಅದು ಯಾವ ಜಾಗದ್ದು ಎನ್ನುವುದರ ಮೇಲೆ, ಸಾಮಾನ್ಯವಾಗಿ 2ರಿಂದ 3 ಅಥವಾ 2.5ರಿಂದ 3.5ರ ಒಳಗೆ ಇಡುತ್ತಾರೆ. ಹಾಗಾಗಿ ನಿಮ್ಮ ತಂದೆಯವರ ರಕ್ತವನ್ನು ಸುಮ್ನೆ ಒಂದು ಗಾಜಿನ ಟ್ಯೂಬಿನಲ್ಲಿಟ್ಟರೆ ಅದೂ ಹೆಪ್ಪುಗಟ್ಟುತ್ತದೆ. ಸ್ವಲ್ಪ ತಡವಾಗಿ, ಅಷ್ಟೇ.

ಹಾಗಾದರೆ ಟೆಸ್ಟ್‌ಗೆ ಹೋಗುವ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಯಾವುದು? ತಿಳಿನೀಲಿ ಮುಚ್ಚಳದ ಟ್ಯೂಬ್ ನೋಡಿರುತ್ತೀರಿ. ಅದರ ತಳದಲ್ಲಿ ನೀರಿನಂಥ ದ್ರವ ಇರುತ್ತದೆ. ಅದು ಸೋಡಿಯಂ ಸಿಟ್ರೇಟ್. ಹೆಪ್ಪುಗಟ್ಟುವ ಸರಪಳಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಸಿಟ್ರೇಟ್ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಬಿನಲ್ಲಿ ಮೇಲಿನ ತಿಳಿಯನ್ನು ಬೇರ್ಪಡಿಸಿ, 37 ಡಿಗ್ರಿಯಲ್ಲಿ ಕ್ಯಾಲ್ಸಿಯಂ ಮತ್ತು ಹೆಪ್ಪುಗಟ್ಟುವುದನ್ನು ಶುರು ಮಾಡಿಸುವ ಥ್ರೋಂಬೋಪ್ಲಾಸ್ಟಿನ್ ಹಾಕಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಎಂದು ಅಳೆಯುತ್ತಾರೆ. ಆ ಸೆಕೆಂಡುಗಳಿಂದಲೇ ಐಎನ್‌ಆರ್ ಲೆಕ್ಕ. ದಾರಿಯಲ್ಲೇ ಒಂದಿಷ್ಟು ಹೆಪ್ಪುಗಟ್ಟಿದ್ದರೆ ಅಳೆಯಬೇಕಾದ ಪ್ರೋಟೀನುಗಳು ಆಗಲೇ ಖರ್ಚಾಗಿರುತ್ತವೆ. ಸಾಸಿವೆ ಗಾತ್ರದ ಗರಣೆ ಇದ್ದರೂ ನಂಬರ್ ನಂಬುವ ಹಾಗಿಲ್ಲ.

ಇದು ಆಗುವುದು ಹೆಚ್ಚಾಗಿ ರಕ್ತ ತೆಗೆಯುವಾಗಲೇ. ವಯಸ್ಸಾದವರ ನರ ಸಿಗುವುದು ಕಷ್ಟ. ಸೂಜಿ ಒಳಗಿಟ್ಟುಕೊಂಡು ಆಚೀಚೆ ಹುಡುಕಿದರೆ ಸುತ್ತಲಿನ ಮಾಂಸದ ರಸ ಸೇರಿಕೊಂಡು ಹೆಪ್ಪುಗಟ್ಟುವುದು ಶುರುವಾಗುತ್ತದೆ. ರಕ್ತ ತೊಟ್ಟು ತೊಟ್ಟಾಗಿ ಬಂದರೂ ಅದೇ ಕಥೆ. ಸಿರಿಂಜಿನಲ್ಲಿ ತೆಗೆದು, ಹತ್ತಿ ಒತ್ತಿ, ಹೆಸರು ಬರೆದು, ಆಮೇಲೆ ಟ್ಯೂಬಿಗೆ ಹಾಕುವವರಿದ್ದಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಇನ್ನು ಕೆಲವರು ಟ್ಯೂಬನ್ನು ಮೂರು ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡುವುದೇ ಇಲ್ಲ. ಸಿಟ್ರೇಟ್ ತಳದಲ್ಲೇ ಉಳಿಯುತ್ತದೆ. ಜೋರಾಗಿ ಕುಲುಕಿದರೂ ಕೆಡುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ಹೆಚ್ಚು ಅಪಾಯದ್ದು, ಏಕೆಂದರೆ ಅದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಆ ಟ್ಯೂಬಿನಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಇರಲೇಬೇಕು. ಟ್ಯೂಬಿನ ಮೇಲೆ ಗೆರೆ ಇರುವುದು ಅದಕ್ಕೇ. ಅರ್ಧ ತುಂಬಿಸಿದರೆ ಸಿಟ್ರೇಟ್ ಜಾಸ್ತಿಯಾಗುತ್ತದೆ. ಲ್ಯಾಬಿನಲ್ಲಿ ಹಾಕಿದ ಕ್ಯಾಲ್ಸಿಯಂ ಅನ್ನೂ ಅದು ಹಿಡಿದುಬಿಡುತ್ತದೆ. ಐಎನ್‌ಆರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಡಾಕ್ಟರು ಆ ರಿಪೋರ್ಟ್ ನೋಡಿ ಮಾತ್ರೆ ಕಡಿಮೆ ಮಾಡುತ್ತಾರೆ. ಆಗ ನಿಜವಾಗಿಯೂ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಅದು ಮೆದುಳಿಗೆ ಹೋಗಬಹುದು. ಹೀಗಾಗಿ ‘ಸ್ಯಾಂಪಲ್ ಕಡಿಮೆ ಇದೆ, ಮತ್ತೆ ಕೊಡಿ’ ಎನ್ನುವ ಲ್ಯಾಬನ್ನು ನಾನು ನಂಬುತ್ತೇನೆ. ಎಷ್ಟು ಕಡಿಮೆ ರಕ್ತ ಇದ್ದರೂ ನಡೆಯುತ್ತದೆ ಎನ್ನುವವರನ್ನು ನಂಬುವುದಿಲ್ಲ. ಬಟರ್‌ಫ್ಲೈ ಸೂಜಿ ಬಳಸುವಾಗ ಅದರ ಸಣ್ಣ ಪೈಪಿನಲ್ಲಿರುವ ಗಾಳಿ ಮೊದಲ ಟ್ಯೂಬಿಗೆ ಹೋಗುತ್ತದೆ. ನೀಲಿಯದ್ದೇ ಮೊದಲಾದರೆ ಅದು ತುಂಬುವುದಿಲ್ಲ. ಅದಕ್ಕೇ ಮೊದಲು ಇನ್ನೊಂದು ಟ್ಯೂಬಿಗೆ ಸ್ವಲ್ಪ ರಕ್ತ ಬಿಟ್ಟು ಅದನ್ನು ಎಸೆಯುತ್ತೇವೆ. ರಕ್ತ ದಂಡ ಮಾಡಿದರು ಅಂತ ಕೆಲವರಿಗೆ ಬೇಜಾರು. ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದೆ, ಇದು ಕೆಲವೇ ಹನಿ.

ಮತ್ತೆ ಬಂದಾಗ ನೀವು ಪಕ್ಕದಲ್ಲೇ ಕೂತುಕೊಳ್ಳಿ. ಅಪ್ಪನಿಗೆ ಬೆಳಿಗ್ಗೆ ನೀರು ಕುಡಿಸಿ, ನರ ಚೆನ್ನಾಗಿ ಸಿಗುತ್ತದೆ. ಐಎನ್‌ಆರ್ ಒಂದೇ ಆದರೆ ಉಪವಾಸ ಬೇಕಿಲ್ಲ. ರಬ್ಬರ್ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. (1628ರಲ್ಲಿ ರಕ್ತ ಮೈಯಲ್ಲಿ ಸುತ್ತುತ್ತದೆ ಎಂದು ವಾದಿಸಿದ ವಿಲಿಯಂ ಹಾರ್ವೆ ಅದನ್ನು ತೋರಿಸಿದ್ದೂ ತೋಳಿಗೆ ಪಟ್ಟಿ ಬಿಗಿದೇ. ಕೈಗೆ ರಕ್ತ ಬರುತ್ತಲೇ ಇರುತ್ತದೆ, ವಾಪಸ್ ಹೋಗುವ ದಾರಿ ಮುಚ್ಚಿರುತ್ತದೆ, ಅದಕ್ಕೇ ನರ ಉಬ್ಬುತ್ತದೆ. ಇವತ್ತಿಗೂ ನಾವು ಮಾಡುವುದು ಅದನ್ನೇ.) ನೀಲಿ ಟ್ಯೂಬ್ ಗೆರೆವರೆಗೆ ತುಂಬಿತಾ, ತಲೆಕೆಳಗು ಮಾಡಿದರಾ ನೋಡಿ. ಮಾಡದಿದ್ದರೆ ಸಂಕೋಚ ಬಿಟ್ಟು ಹೇಳಿ. ಸ್ಯಾಂಪಲ್ ಬಿಸಿಲಿಗೆ ನಿಂತ ಸ್ಕೂಟರ್ ಡಿಕ್ಕಿಯಲ್ಲಿ ಉಳಿಯಬಾರದು, ಐಎನ್‌ಆರ್‌ನದ್ದಾದರೆ ಐಸ್ ಮೇಲೂ ಇಡಬಾರದು.

ಸೂಜಿ ತೆಗೆದ ಮೇಲೆ ಕೈ ನೇರವಾಗಿಟ್ಟು ಕಡಿಮೆಯೆಂದರೂ 5 ನಿಮಿಷ ಒತ್ತಿ ಹಿಡಿಯಿರಿ. ಮೊಣಕೈ ಮಡಚಿದರೆ ಒಳಗೆ ರಕ್ತ ಇಳಿದು ನೀಲಿಗಟ್ಟುತ್ತದೆ. ಈ ಮಾತ್ರೆಯವರಿಗೆ ಅದು ಜಾಸ್ತಿ.

ದುಡ್ಡಿನ ವಿಷಯ: ಸ್ಯಾಂಪಲ್ ಕೆಟ್ಟಿದ್ದು ಅವರ ಕೈಯಲ್ಲಿ. ಎರಡನೇ ಸಲಕ್ಕೆ ಕೇಳುವುದು ನ್ಯಾಯವಲ್ಲ, ಕೇಳಿದರೆ ಒಪ್ಪಬೇಡಿ. ಹೊಸ ರಿಪೋರ್ಟ್ ಬರುವವರೆಗೆ ಡಾಕ್ಟರು ಕೊನೆಗೆ ಹೇಳಿದ ಪ್ರಮಾಣದಲ್ಲೇ ಮಾತ್ರೆ ನಡೆಯಲಿ. ಹೆದರಿಕೆಗೆ ಒಂದು ಹೆಚ್ಚು ನುಂಗುವುದೂ ಬೇಡ, ಬಿಡುವುದೂ ಬೇಡ. ರಿಪೋರ್ಟ್ ತಡವಾಗುವ ಹಾಗಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ.