ಬಚ್ಚಲಿನಿಂದ ಶುರು ಮಾಡಿ

ಬೆಂಗಳೂರು ಬಿಟ್ಟು ಹೊಸನಗರದ ಹತ್ತಿರದ ಹಳ್ಳಿಮನೆಗೆ ವಾಪಸು ಬಂದಿದ್ದೀರಿ, ಒಂದೂವರೆ ಮತ್ತು ಆರು ವರ್ಷದ ಮಕ್ಕಳಿದ್ದಾರೆ, ಪರಿಸರಕ್ಕೂ ಮಕ್ಕಳಿಗೂ ಒಳ್ಳೆಯದಾಗುವ ಹಾಗೆ ಮನೆ ನಡೆಸಲು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು, ಇಬ್ಬರು ಮಕ್ಕಳ ತಾಯಿ. ಬಚ್ಚಲಿನಿಂದ ಶುರು ಮಾಡಿ.

ನಮ್ಮ ಕಡೆ ಮಳೆಗಾಲದಲ್ಲಿ ಹಂಡೆ ಒಲೆ ಹೊತ್ತಿಸೋದು ಎಷ್ಟು ಕಷ್ಟ ಗೊತ್ತಲ್ವಾ, ಕಟ್ಟಿಗೆ, ಅಡಿಕೆ ಸಿಪ್ಪೆ ಎಲ್ಲ ಥಂಡಿ ಹಿಡಿದಿರುತ್ತದೆ, ಆಗ ಕೈಗೆ ಸಿಗೋದು ಹಾಲಿನ ಕವರ್. ನಮ್ಮ ಮನೆಯಲ್ಲೂ ಹಾಗೇ ಹಾಕುತ್ತಿದ್ದೆವು. ಅದೇ ಒಲೆ ಮುಂದೆ ನನ್ನ ಮಗಳು ಚಳಿ ಕಾಯಿಸುತ್ತಾ ಕೂರುತ್ತಿದ್ದಳು. ಒಂದು ದಿನ ಆ ಕಪ್ಪು ಹೊಗೆಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದಾಗಲೇ ನನಗೆ ಅರಿವಾಗಿದ್ದು. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ಹೊಗೆಯೂ ಜಾಸ್ತಿ ಒಳಗೆ ಹೋಗುತ್ತದೆ. ಪೈಪಿನ ತುಂಡು, ವೈರಿನ ಸಿಪ್ಪೆಯಂಥ ಪಿವಿಸಿ ಉರಿದರೆ ಡಯಾಕ್ಸಿನ್ ಅನ್ನುವ ವಿಷವೂ ಹುಟ್ಟುತ್ತದೆ. ಇನ್ನು ಆ ಒಲೆಯ ಬೂದಿ ಎಲ್ಲಿಗೆ ಹೋಗುತ್ತದೆ ನೋಡಿ. ಪಾತ್ರೆ ತಿಕ್ಕಲು, ಬದನೆ ಗಿಡದ ಹೇನಿಗೆ ಎರಚಲು, ಬಸಳೆ ಬುಡಕ್ಕೆ. ಅಂದರೆ ಸುಟ್ಟ ಕವರ್ ತಿರುಗಿ ಮಕ್ಕಳ ತಟ್ಟೆಯ ಹತ್ತಿರವೇ ಬರುತ್ತದೆ.

ಈಗ ನಾವು ಏಪ್ರಿಲ್‌ನಲ್ಲೇ ಪುಳ್ಳೆ, ಒಣ ಸೋಗೆ, ಕರಟ ಕೂಡಿಟ್ಟು ಅಟ್ಟಕ್ಕೆ ಹಾಕುತ್ತೇವೆ. ಎರಡು ಕರಟ ಸಾಕು, ಒಲೆ ಹತ್ತಿಕೊಳ್ಳುತ್ತದೆ. ಒಣ ಕಟ್ಟಿಗೆಗೆ ಹೊಗೆಯೂ ಕಡಿಮೆ. ಆದರೂ ಕಟ್ಟಿಗೆ ಹೊಗೆ ಒಳ್ಳೆಯದು ಅಂತಲ್ಲ, ಚಿಕ್ಕವರನ್ನು ದೂರ ಕೂರಿಸಿ. ಹಾಲಿನ ಕವರ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ಆ ಚೂರು ಎಲ್ಲೋ ಮಣ್ಣು ಸೇರುತ್ತದೆ. ತೊಳೆದು, ಒಣಗಿಸಿ, ಚೀಲಕ್ಕೆ ತುಂಬಿಟ್ಟು ಗುಜರಿಯವರಿಗೆ ಕೊಡಿ.

ಬಚ್ಚಲ ನೀರಿನದೂ ಇದೇ ಕಥೆ. ನಮ್ಮದು ಹರಿದು ಹೋಗೋದು ಕೆಸು ಮತ್ತು ಬಾಳೆ ಬುಡಕ್ಕೆ. ಪತ್ರೊಡೆಗೆ ಎಲೆ ಕೊಯ್ಯೋದು ಅಲ್ಲಿಂದಲೇ, ಹಾಗಾಗಿ ತಲೆಗೆ, ಮೈಗೆ ಏನು ಹಾಕುತ್ತೇವೆ ಅನ್ನೋದು ಮುಖ್ಯ. ಮಕ್ಕಳಿಗೆ ಕಡಲೆಹಿಟ್ಟು, ತಲೆಗೆ ದಾಸವಾಳ ಸೊಪ್ಪಿನ ಲೋಳೆ. ಬಟ್ಟೆಗೆ ಅಂಟುವಾಳ: ಬೀಜ ತೆಗೆದು, ರಾತ್ರಿ ನೆನೆಸಿ, ಕುದಿಸಿ, ಕಿವುಚಿ ಸೋಸಿದರೆ ಆಯಿತು. ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಸ್ವಲ್ಪವೇ ಮಾಡಿಕೊಳ್ಳಿ. ಕಣ್ಣಿಗೆ ಬಿದ್ದರೆ ತುಂಬಾ ಉರಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಎಣ್ಣೆ ಜಿಡ್ಡಿನ ಬಟ್ಟೆಗೆ ಅದು ಸಾಲದು, ನಾನು ಸೋಪನ್ನೇ ಬಳಸುತ್ತೇನೆ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಹಿತ್ತಲಲ್ಲೇ ಒಂದೆಲಗ, ದೊಡ್ಡಪತ್ರೆ ಇರುತ್ತದೆ, ತಂಬುಳಿ ಮಾಡಿ. ಆರು ವರ್ಷದವರಿಗೆ ಸೊಪ್ಪು ಕೊಯ್ಯುವ ಕೆಲಸ ಕೊಡಿ, ತಾವೇ ಕೊಯ್ದಿದ್ದನ್ನು ನನ್ನ ಮಕ್ಕಳು ಬೇಡ ಅಂದಿದ್ದು ಕಡಿಮೆ.

ಚಿಕ್ಕದಕ್ಕೆ ಡೈಪರ್ ಬೇಕಾ ಅಂತಲೂ ಕೇಳಿದ್ದಿರಿ. ಹಗಲು ಹಳೆ ಪಂಚೆ ಬಟ್ಟೆ ಸಾಕು. ಜುಲೈ ಮಳೆಯಲ್ಲಿ ಏನೂ ಒಣಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಮಗು ಮಲಗೋದು ಬೇಡ, ರಾತ್ರಿಗೆ ಡೈಪರ್ ಹಾಕಿ. ಅದನ್ನು ಮಾತ್ರ ಒಲೆಗೆ ಹಾಕಬೇಡಿ.