ಜಾರು ನುಡಿಸಿದಾಗ ಜತೆಯ ಸ್ವರವೂ ಜಾರುವುದೇಕೆ?

ಪ್ರಶ್ನೆ: ಉಡುಪಿ ಸಮೀಪದ ಭಜನಾ ಮಂಡಳಿಯೊಂದಕ್ಕೆ ನಾನು ಕೀಬೋರ್ಡ್ ನುಡಿಸುತ್ತೇನೆ. ಬ್ಯಾಂಡ್-ಇನ್-ಎ-ಬಾಕ್ಸ್ ಎಂಬ, ಹಿನ್ನೆಲೆ ವಾದ್ಯ ಕಟ್ಟಿಕೊಡುವ ತಂತ್ರಾಂಶದಲ್ಲಿ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು) ಬರೆದುಕೊಂಡು, ಮೋಹನ ರಾಗದ ದೇವರನಾಮವೊಂದನ್ನು ಮಿಡಿ (ಕೀಲಿಗಳ ಒತ್ತುವಿಕೆಯನ್ನು ಸಂದೇಶಗಳಾಗಿ ಕಂಪ್ಯೂಟರಿಗೆ ಕಳಿಸುವ ವ್ಯವಸ್ಥೆ) ಮೂಲಕ ಮೆಲೊಡಿ ಟ್ರ್ಯಾಕಿಗೆ ರೆಕಾರ್ಡ್ ಮಾಡಿ, ಅದೇ ಟ್ರ್ಯಾಕಿಗೆ ಕೆಳಗಿನ ಸ್ವರಗಳನ್ನೂ ಸೇರಿಸಿದ್ದೇನೆ. ಸ್ವರವನ್ನು ಏರಿಳಿಸುವ ಪಿಚ್ ವ್ಹೀಲ್‌ನಿಂದ ಜಾರು (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ) ನುಡಿಸಿದ ಕಡೆಗಳಲ್ಲೆಲ್ಲ ಅಪಶ್ರುತಿ ಕೇಳಿಸುತ್ತದೆ. ಕ್ವಾಂಟೈಸ್ ಮಾಡಿದ (ಸ್ವರಗಳನ್ನು ತಾಳಕ್ಕೆ ತಾನಾಗಿ ಹೊಂದಿಸಿದ) ಮೇಲಂತೂ ಹಾಡು ಮತ್ತಷ್ಟು ಕೆಟ್ಟಿತು. ಪರಿಹಾರವೇನು?

ಉತ್ತರ: ಮಿಡಿಯಲ್ಲಿ ಆ ವ್ಹೀಲ್ ಕಳಿಸುವ ಪಿಚ್ ಬೆಂಡ್ ಸಂದೇಶವು ಒಂದೊಂದು ಸ್ವರಕ್ಕೆ ಸೇರಿದ್ದಲ್ಲ, ಇಡೀ ಚಾನೆಲ್‌ಗೆ (ಒಂದು ವಾದ್ಯದ ಸಂದೇಶಗಳು ಸಾಗುವ ದಾರಿಗೆ) ಸೇರಿದ್ದು. ನೀವು ಮೇಲಿನ ಗಾಂಧಾರವನ್ನು ಜಾರಿಸುವಾಗ ಅದೇ ಚಾನೆಲ್‌ನಲ್ಲಿ ಹಿಡಿದಿರುವ ಕೆಳಗಿನ ಸ್ವರವೂ ಅಷ್ಟೇ ಪ್ರಮಾಣದಲ್ಲಿ ಜಾರುತ್ತದೆ. ಆದ್ದರಿಂದ ಎರಡನೆಯ ಸಾಲನ್ನು ಸೋಲೋಯಿಸ್ಟ್ ಟ್ರ್ಯಾಕಿನಲ್ಲಿ, ಬೇರೆಯೇ ಚಾನೆಲ್ ಕೊಟ್ಟು ರೆಕಾರ್ಡ್ ಮಾಡಿ. ಬೆಂಡ್‌ನ ಮೌಲ್ಯ 0ಯಿಂದ 16383ರವರೆಗೆ ಇದ್ದು, ನಡುಬಿಂದು 8192 ಆಗಿರುತ್ತದೆ; ಕೆಲವು ತಂತ್ರಾಂಶಗಳು ಈ ನಡುಬಿಂದುವನ್ನೇ 0 ಎಂದು ತೋರಿಸುತ್ತವೆ. ಪ್ರತಿ ಜಾರಿನ ಕೊನೆಯಲ್ಲಿ ಮೌಲ್ಯವು ನಡುಬಿಂದುವಿಗೆ ಮರಳಿದೆಯೇ ಎಂಬುದನ್ನು ಈವೆಂಟ್ ಪಟ್ಟಿಯಲ್ಲಿ (ದಾಖಲಾದ ಸಂದೇಶಗಳ ಪಟ್ಟಿಯಲ್ಲಿ) ನೋಡಿಕೊಳ್ಳಿ, ಏಕೆಂದರೆ ಮರಳದಿದ್ದರೆ ಮುಂದಿನ ಸ್ವರಗಳೆಲ್ಲವೂ ಶ್ರುತಿ ತಪ್ಪಿಯೇ ನುಡಿಯುತ್ತವೆ.

ಕ್ವಾಂಟೈಸ್ ಮಾಡುವಾಗ ಸ್ವರಗಳಷ್ಟೇ ಸರಿದು ಬೆಂಡ್ ಸಂದೇಶಗಳು ಮೊದಲಿದ್ದಲ್ಲೇ ಉಳಿದರೆ, ಜಾರು ಸ್ವರಕ್ಕಿಂತ ಮೊದಲೋ ಅನಂತರವೋ ಕೇಳಿಸುತ್ತದೆ. ಟೆಂಪೊ (ನಿಮಿಷಕ್ಕೆ ಬಡಿತಗಳು) 100 ಇದ್ದಾಗ ಒಂದು ಬಡಿತ 600 ಮಿಲಿಸೆಕೆಂಡ್‌ ಆಗುತ್ತದೆ. ಬಡಿತದ ಕಾಲುಭಾಗಕ್ಕೆ ಹೊಂದಿಸಿದರೂ ಒಂದು ಸ್ವರ 75 ಮಿಲಿಸೆಕೆಂಡ್‌ನಷ್ಟು ಸರಿಯಬಹುದು. ಭಜನೆಗೆ ಸಾರಾಸಗಟು ಕ್ವಾಂಟೈಸ್ ಬೇಡವೆಂದೇ ನನ್ನ ಅಭಿಪ್ರಾಯ. ಮೊದಲಿನ ರೆಕಾರ್ಡಿಂಗಿಗೆ ಹಿಂತಿರುಗಿ, ತಾಳಕ್ಕೆ ಎದ್ದುಕಾಣುವಂತೆ ತಪ್ಪಿದ ಸ್ವರಗಳನ್ನು ಮಾತ್ರ ಕೈಯಿಂದ ಸರಿಪಡಿಸಿ. ಇಡೀ ಟ್ರ್ಯಾಕ್ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿದ್ದರೆ, ತಪ್ಪು ಬಹುಶಃ ನಿಮ್ಮ ಕೈಯದಲ್ಲ, ಕಂಪ್ಯೂಟರಿನ ಧ್ವನಿ ತಡವಾಗಿ ಹೊರಡುವುದೇ ಕಾರಣ. ಬ್ಯಾಂಡ್-ಇನ್-ಎ-ಬಾಕ್ಸ್ ಒಂದು ಬಡಿತವನ್ನು 120 ಟಿಕ್‌ಗಳಾಗಿ ವಿಭಾಗಿಸುವುದರಿಂದ ಈ ಟೆಂಪೊದಲ್ಲಿ ಒಂದು ಟಿಕ್ 5 ಮಿಲಿಸೆಕೆಂಡ್. 30 ಮಿಲಿಸೆಕೆಂಡ್ ತಡವಿದ್ದರೆ ಟ್ರ್ಯಾಕನ್ನು 6 ಟಿಕ್ ಮುಂಚಿತಗೊಳಿಸಿದರೆ ಸಾಕು.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಬೇಕು. ಮೋಹನಕ್ಕೆ ಏಳು ಸ್ವರಗಳ ಲೆಕ್ಕದಲ್ಲಿ ಕೆಳಗಿನ ಮೂರನೆಯ ಸ್ವರವನ್ನು ಜತೆ ಕಟ್ಟಿದರೆ ರಿಷಭದ ಕೆಳಗೆ ನಿಷಾದವೂ, ಧೈವತದ ಕೆಳಗೆ ಮಧ್ಯಮವೂ ಬಂದು ಕೂರುತ್ತವೆ. ಇವೆರಡೂ ರಾಗದಲ್ಲಿಲ್ಲದ ಸ್ವರಗಳು. ರಿಷಭಕ್ಕೆ ಕೆಳಗಿನ ಧೈವತವನ್ನೂ, ಧೈವತಕ್ಕೆ ಗಾಂಧಾರವನ್ನೂ ಕೊಟ್ಟು ನೋಡಿ. ತಂತ್ರಾಂಶವೇ ಹಾರ್ಮನಿ ಕಟ್ಟುವ ಸೌಲಭ್ಯವು ನೀವು ಬರೆದ ಕಾರ್ಡ್‌ಗಳನ್ನು ನೋಡುತ್ತದೆಯೇ ಹೊರತು ರಾಗವನ್ನಲ್ಲ. ಷಡ್ಜವನ್ನು ಬಿಳಿ ಒಂದಕ್ಕೆ (ಸಿ ಕೀಲಿಗೆ) ಇಟ್ಟುಕೊಂಡರೆ ಮೂರು ಸ್ವರದ ಮೇಜರ್, ಮೈನರ್ ಕಾರ್ಡ್‌ಗಳಲ್ಲಿ ಸಿ ಮೇಜರ್ ಮತ್ತು ಎ ಮೈನರ್ ಮಾತ್ರ ಸಂಪೂರ್ಣವಾಗಿ ಮೋಹನದೊಳಗೆ ನಿಲ್ಲುತ್ತವೆ. ಎಫ್, ಜಿ ಕಾರ್ಡ್‌ಗಳನ್ನು ಬಳಸಲೇಬಾರದೆಂದೇನೂ ಇಲ್ಲ, ಆದರೆ ಪಲ್ಲವಿಯ ಎತ್ತುಗಡೆಯಲ್ಲಂತೂ ಬೇಡ.

ಹಾಡುವವರ ಶ್ರುತಿ ಕಪ್ಪು ಒಂದು (ಸಿ ಶಾರ್ಪ್, ಅಂದರೆ ಬಿಳಿ ಒಂದಕ್ಕಿಂತ ಅರ್ಧ ಸ್ವರ ಮೇಲೆ) ಆಗಿದ್ದರೆ ಮತ್ತೆ ನುಡಿಸುವ ಅಗತ್ಯವಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಮೆಲೊಡಿ ಸಹಿತ ಇಡೀ ಹಾಡನ್ನು ಅರ್ಧ ಸ್ವರ ಏರಿಸಿ. ಬೆಂಡ್ ಆಯಾ ಸ್ವರವನ್ನೇ ಅನುಸರಿಸುವುದರಿಂದ ಜಾರುಗಳು ಹಾಗೆಯೇ ಉಳಿಯುತ್ತವೆ.